ತಂತಿ ಕಿತ್ತಾಗ ತಿಳಿಯುವುದು ಹೇಗೆ?



ಯಲಹಂಕ, ಹೆಸರಘಟ್ಟದ ಸುತ್ತಮುತ್ತ ದ್ರಾಕ್ಷಿ ಬೆಳೆಯುವವರು, ಪಾಲಿಹೌಸಿನಲ್ಲಿ ಹೂವು ಬೆಳೆಯುವವರು ಕಾವಲಿಗೆ ಕ್ಯಾಮೆರಾಗಳನ್ನು ಹಾಕಿಸುವುದು ಈಗ ಸಾಮಾನ್ಯ. ಮನೆ ಆರ್.ಟಿ. ನಗರದಲ್ಲಿ, ತೋಟ ಯಲಹಂಕದಾಚೆ ಇದ್ದವರಿಗೆ ಇದು ದೊಡ್ಡ ಅನುಕೂಲ. ಆದರೆ ಕಳ್ಳನು ಮೊದಲು ಕೈಹಾಕುವುದು ಹಣ್ಣಿಗಲ್ಲ, ಕ್ಯಾಮೆರಾದ ತಂತಿಗೆ. ತಂತಿ ಕಿತ್ತ ಮೇಲೆ ಫೋನಿಗೆ ಯಾವ ಎಚ್ಚರಿಕೆಯೂ ಬಾರದಿದ್ದರೆ, ಯಜಮಾನರು ಎಲ್ಲ ಕ್ಷೇಮವೆಂದೇ ತಿಳಿದು ಮಲಗುತ್ತಾರೆ. ಕೊಯ್ಲಿಗೆ ಬಂದ ಬೆಂಗಳೂರು ನೀಲಿ ದ್ರಾಕ್ಷಿಯ ತೋಟಕ್ಕೆ ಒಂದು ರಾತ್ರಿಯ ಈ ಮೌನವೇ ಸಾಕು. ಆದುದರಿಂದ ಕ್ಯಾಮೆರಾ ಹಾಕಿಸುವುದು ಎಷ್ಟು ಮುಖ್ಯವೋ, ಅದರ ತಂತಿ ಕಿತ್ತಾಗ ಕೂಡಲೇ ತಿಳಿಯುವ ಏರ್ಪಾಡು ಅಷ್ಟೇ ಮುಖ್ಯ.

ಇಂತಹ ಅನೇಕ ಕ್ಯಾಮೆರಾಗಳಿಗೆ ಬೇರೆ ಕರೆಂಟಿನ ವೈರು ಇರುವುದಿಲ್ಲ. ಚಿತ್ರ ಬರುವ ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತೂ ಹೋಗುತ್ತದೆ. ಈ ಪದ್ಧತಿಗೆ ಪಿ.ಒ.ಇ. ಎಂದು ಹೆಸರು. ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಯನ್ನು ನೆಟ್‌ವರ್ಕ್ ಸ್ವಿಚ್ ಎನ್ನುತ್ತಾರೆ. ಇದು ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ.

ತಂತಿಯಲ್ಲೇ ವಿದ್ಯುತ್ತು ಕಳಿಸುವುದು ಹೊಸ ವಿಚಾರವೇನಲ್ಲ. 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ಕಿತ್ತೂರಿನಲ್ಲಿ ಆರಂಭವಾಯಿತು. ಅಂದಿನ ಫೋನು ಊರಿನಲ್ಲಿ ಕರೆಂಟು ಹೋದರೂ ಮಾತಾಡುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ತಂತಿಯಲ್ಲೇ ಬರುತ್ತಿದ್ದುದೇ ಇದಕ್ಕೆ ಕಾರಣ. ಆದರೆ ಅದರಲ್ಲೊಂದು ಕೊರತೆಯಿತ್ತು. ರಿಸೀವರ್ ಕೆಳಗಿಟ್ಟಾಗ ಫೋನು ಪ್ರವಾಹವನ್ನು ಎಳೆಯುತ್ತಿರಲಿಲ್ಲ. ತಂತಿ ತುಂಡಾದಾಗಲೂ ಪ್ರವಾಹ ಇರುತ್ತಿರಲಿಲ್ಲ. ಪರೀಕ್ಷಿಸಿ ನೋಡದ ಹೊರತು ಎರಡಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಪಿ.ಒ.ಇ. ಪದ್ಧತಿಗೆ 2003ರಲ್ಲಿ ಐ.ಇ.ಇ.ಇ. ಸಂಸ್ಥೆ ನಿಯಮ ರೂಪಿಸಿದಾಗ ಈ ಕೊರತೆಯನ್ನು ನೀಗಿಸಿತು. ಅದರಂತೆ ಸ್ವಿಚ್ಚು ಮೊದಲು 10 ವೋಲ್ಟಿನಷ್ಟು ಸಣ್ಣ ಒತ್ತಡ ಕೊಟ್ಟು, ಆಚೆ ತುದಿಯಲ್ಲಿ ಸುಮಾರು 25 ಸಾವಿರ ಓಮ್‌ನ ಗುರುತು ಇದೆಯೇ ಎಂದು ನೋಡುತ್ತದೆ. ಗುರುತು ಸಿಕ್ಕಿದರೆ ಮಾತ್ರ 44ರಿಂದ 57 ವೋಲ್ಟ್ ಕೊಡುತ್ತದೆ. ಆಮೇಲೆ ಕ್ಯಾಮೆರಾ ಸುಮ್ಮನಿದ್ದರೂ ಆಗಾಗ್ಗೆ ಕನಿಷ್ಠ 10 ಮಿಲಿ ಆಂಪಿಯರ್ ಪ್ರವಾಹವನ್ನು ಎಳೆಯುತ್ತಲೇ ಇರಬೇಕು. ‘ಇದ್ದೇನೆ’ ಎಂದು ಓಗೊಟ್ಟಂತೆ ಇದು. ಆ ಪ್ರವಾಹ 300ರಿಂದ 400 ಮಿಲಿ ಸೆಕೆಂಡು ಕಾಣದಿದ್ದರೆ, ಅಂದರೆ ಅರ್ಧ ಸೆಕೆಂಡಿಗೂ ಮುಂಚೆಯೇ, ಸ್ವಿಚ್ಚು ವಿದ್ಯುತ್ತನ್ನು ಕಡಿದುಹಾಕುತ್ತದೆ. ಹೀಗೆ ತಂತಿ ಕಿತ್ತ ಸುದ್ದಿ ಸ್ವಿಚ್ಚಿಗೆ ಆ ಕ್ಷಣದಲ್ಲೇ ತಿಳಿದಿರುತ್ತದೆ. ಅದನ್ನು ಯಜಮಾನರವರೆಗೆ ಮುಟ್ಟಿಸುವುದೇ ಉಳಿದ ಕೆಲಸ.

ಚಿತ್ರ ನಿಂತಾಗ ಸ್ವಿಚ್ಚಿನ ದೀಪಗಳನ್ನು ನೋಡಿ ಕಾರಣ ಊಹಿಸಬಹುದು:

1. ಒಂದು ಕ್ಯಾಮೆರಾದ ವಿದ್ಯುತ್ ದೀಪ, ಸಂಪರ್ಕ ದೀಪ ಎರಡೂ ಆರಿದ್ದರೆ, ತಂತಿ ಕಿತ್ತಿದೆ, ತುಂಡಾಗಿದೆ ಅಥವಾ ಕ್ಯಾಮೆರಾ ಪೂರ್ತಿ ಕೆಟ್ಟಿದೆ. ಸರಿಯಿರುವ ಬೇರೆ ಕೇಬಲ್ಲು ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

2. ವಿದ್ಯುತ್ ದೀಪ ಉರಿಯುತ್ತಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ, ಕ್ಯಾಮೆರಾ ಸ್ತಬ್ಧವಾಗಿರಬಹುದು ಅಥವಾ ಕೇಬಲ್ಲಿನ ಒಂದೆರಡು ಎಳೆ ಕೆಟ್ಟಿರಬಹುದು. ಆ ಕ್ಯಾಮೆರಾದ ವಿದ್ಯುತ್ತನ್ನು ಸ್ವಿಚ್ಚಿನಿಂದಲೇ ಒಮ್ಮೆ ನಿಲ್ಲಿಸಿ ಮತ್ತೆ ಕೊಟ್ಟು ನೋಡಬೇಕು.

3. ಎಲ್ಲ ದೀಪಗಳೂ ಆರಿದ್ದರೆ ಕರೆಂಟು ಹೋಗಿದೆ, ಇಲ್ಲವೇ ಯಾರೋ ಮುಖ್ಯ ಲೈನನ್ನೇ ತೆಗೆದಿದ್ದಾರೆ.

ಏರ್ಪಾಡು ಮಾಡುವಾಗ ಈ ಅಂಶಗಳನ್ನು ಗಮನಿಸಬೇಕು. ಕೊಳ್ಳುವಾಗ ನಿಯಮಬದ್ಧ ಪಿ.ಒ.ಇ. ಸ್ವಿಚ್ಚನ್ನೇ ಕೇಳಿ ಪಡೆಯಬೇಕು. ಪ್ಯಾಸಿವ್ ಎಂಬ ಅಗ್ಗದ ಬಗೆಯವು ಆಚೆ ತುದಿಯಲ್ಲಿ ಏನಿದೆಯೆಂದು ನೋಡದೆ ಸದಾ ವಿದ್ಯುತ್ತು ಸುರಿಯುತ್ತವೆ. ಕಿತ್ತದ್ದನ್ನು ಹೀಗೆ ಅರಿಯುವ ಗುಣ ಅವುಗಳಿಗಿಲ್ಲ. ಪ್ರತಿ ಕೇಬಲ್ಲಿನ ಸ್ಥಿತಿಯನ್ನು ತಾನೇ ವರದಿ ಮಾಡುವ ‘ಮ್ಯಾನೇಜ್ಡ್’ ಸ್ವಿಚ್ಚಾದರೆ ಉತ್ತಮ. ಅದಿಲ್ಲದಿದ್ದರೆ ಚಿತ್ರ ದಾಖಲಿಸುವ ಯಂತ್ರದಲ್ಲಿ ‘ವಿಡಿಯೋ ಲಾಸ್’ ಎಚ್ಚರಿಕೆಯನ್ನು ಚಾಲೂ ಮಾಡಿಸಬೇಕು. ಸ್ವಿಚ್ಚು, ದಾಖಲೆ ಯಂತ್ರ, ಇಂಟರ್‌ನೆಟ್ ಪೆಟ್ಟಿಗೆ ಮೂರಕ್ಕೂ ಯು.ಪಿ.ಎಸ್. ಇರಬೇಕು, ಒಂದಕ್ಕೆ ಇಲ್ಲದಿದ್ದರೂ ಸುದ್ದಿ ದಾರಿಯಲ್ಲೇ ನಿಲ್ಲುತ್ತದೆ. ಈ ಪೆಟ್ಟಿಗೆಗಳನ್ನು ಬೀಗದೊಳಗೆ ಇಡಬೇಕು. ಇಂಟರ್‌ನೆಟ್ಟು ಕಡಿದರೂ ಕೇಳುವಂತೆ ತೋಟದಲ್ಲೊಂದು ಸೈರನ್ ಇದ್ದರೆ ಒಳ್ಳೆಯದು. ಆಳುಗಳ ಮನೆ ಹತ್ತಿರವಿದ್ದರೆ ಇದರ ಪ್ರಯೋಜನ ಹೆಚ್ಚು.

ಕೇಬಲ್ಲು ಅಪ್ಪಟ ತಾಮ್ರದ್ದಾಗಿರಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯಲ್ಲಿ ವಿದ್ಯುತ್ತು ಹೆಚ್ಚು ನಷ್ಟವಾಗುತ್ತದೆ. ಒಂದು ಕೇಬಲ್ಲಿನ ಉದ್ದ 100 ಮೀಟರು ಮೀರಬಾರದು. ಇಲಿ, ಅಳಿಲು ಕಡಿಯದಂತೆ ಪೈಪಿನೊಳಗೆ ಹಾಯಿಸಬೇಕು. ಸಿಡಿಲಿನಿಂದ ರಕ್ಷಣೆಯನ್ನೂ ಮರೆಯಬಾರದು.

ಎಚ್ಚರಿಕೆ ಬಂದಾಗ ಮಾತ್ರ ಗಾಬರಿಪಡುವ ಬದಲು, ದಿನವೂ ನಿಗದಿತ ವೇಳೆಗೆ ‘ಎಲ್ಲ ಸರಿಯಿದೆ’ ಎಂಬ ಸಂದೇಶ ಬರುವಂತೆ ಮಾಡಿಕೊಳ್ಳುವುದು ಲೇಸು. ಆ ಸಂದೇಶ ಬಾರದ ದಿನ ಏನೋ ತೊಂದರೆಯಿದೆ ಎಂದು ತಿಳಿಯಬೇಕು.

ಕೊನೆಯದಾಗಿ, ತಿಂಗಳಿಗೊಮ್ಮೆ ಒಂದು ಕ್ಯಾಮೆರಾದ ತಂತಿಯನ್ನು ಕೈಯಾರೆ ಕಿತ್ತು, ಫೋನಿಗೆ ಎಚ್ಚರಿಕೆ ಎಷ್ಟು ಹೊತ್ತಿಗೆ ಬರುತ್ತದೆಂದು ಗಡಿಯಾರ ನೋಡಿ ಬರೆದಿಡಬೇಕು. ಒಂದೊಂದು ತಿಂಗಳು ಒಂದೊಂದು ಕ್ಯಾಮೆರಾ. ಪಂಪ್‌ಸೆಟ್ಟನ್ನು ಬೇಸಿಗೆಗೆ ಮುಂಚೆ ಓಡಿಸಿ ನೋಡುವ ರೈತರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ದ್ರಾಕ್ಷಿ ಕೊಯ್ಲಿಗೆ ಹದಿನೈದು ದಿನ ಇರುವಾಗ ಈ ಪರೀಕ್ಷೆಯನ್ನು ಎಲ್ಲ ಕ್ಯಾಮೆರಾಗಳಿಗೂ ಮಾಡತಕ್ಕದ್ದು.