ಒಂದು ಸಮಬಲದ ಕಥೆ

ಚದುರಂಗದಲ್ಲಿ ಆಟ ಸಮವಾಯಿತೆಂದರೆ ನೋಡುವವರಿಗೆ ನಿರಾಸೆ. ಎಲೆ ಹಾಕಿದ ಮೇಲೆ ಉಣ್ಣದೆ ಎದ್ದಂತೆ! ಆ ಭಾವನೆ ನನಗೂ ಇತ್ತು, ವಾರ್ನಾದ ಆಟವನ್ನು ಹಲಗೆಯ ಮೇಲೆ ಹೂಡಿ ನೋಡುವವರೆಗೆ.

1962ರಲ್ಲಿ ಬಲ್ಗೇರಿಯದ ಆ ಕಡಲತೀರದ ಪಟ್ಟಣದಲ್ಲಿ ಚದುರಂಗದ ಒಲಿಂಪಿಯಾಡ್ ನಡೆಯಿತು. ಬಿಳಿಯ ಕಾಯಿಗಳ ಹಿಂದೆ ಸೋವಿಯತ್ ಒಕ್ಕೂಟದ ಮಿಖಾಯಿಲ್ ಬಾಟ್ವಿನ್ನಿಕ್. ಆಗಿನ ಜಗಜ್ಜೇತ, ವಯಸ್ಸು 51, ವೃತ್ತಿಯಿಂದ ವಿದ್ಯುತ್ ಎಂಜಿನಿಯರ್. ಎದುರಿಗೆ ಅಮೆರಿಕದ 19ರ ತರುಣ ಬಾಬಿ ಫಿಷರ್. ಸೋವಿಯತ್ ಆಟಗಾರರು ತಮ್ಮೊಳಗೇ ಒಪ್ಪಂದ ಮಾಡಿಕೊಂಡು ಆಟಗಳನ್ನು ಸಮ ಮಾಡಿಕೊಳ್ಳುತ್ತಾರೆಂದು ಆತ ಕೆಲವೇ ವಾರಗಳ ಹಿಂದೆ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ದೂರಿದ್ದ. ಆದ್ದರಿಂದ ಅಂದಿನ ಹಲಗೆಯ ಮೇಲೆ ಮಾನದ ಪ್ರಶ್ನೆಯೂ ಇತ್ತು.

ಬಾಟ್ವಿನ್ನಿಕ್ ಮನೆಯಲ್ಲಿಯೇ ಸಿದ್ಧಪಡಿಸಿಕೊಂಡ ದಾರಿಯಲ್ಲಿ ನಡೆದರು. ಹದಿನೇಳನೆಯ ನಡೆಯಲ್ಲಿ ಬಿಳಿಯ ಕಾಲಾಳು ಮುನ್ನುಗ್ಗಿ ಫಿಷರನ ಮಂತ್ರಿಯನ್ನು ಕೆಣಕಿತು. ಫಿಷರ್ ಹಿಮ್ಮೆಟ್ಟಲಿಲ್ಲ, ಮಂತ್ರಿಯಿಂದಲೇ ಇನ್ನೊಂದು ಕಾಲಾಳನ್ನು ಹೊಡೆದ. ಬಿಳಿಯ ಒಂಟೆ ಆ ಮಂತ್ರಿಯನ್ನು ಕೊಂದಿತು, ನಿಜ. ಮರುಗಳಿಗೆಯಲ್ಲಿ ಕರಿಯ ಕುದುರೆ ಬಿಳಿಯ ಮಂತ್ರಿಯನ್ನು ಕೆಡವಿತು. ಮಂತ್ರಿಗೆ ಮಂತ್ರಿ ಸರಿಹೋಗಿ, ಒಂದು ಕಾಲಾಳು ಫಿಷರನ ಪಾಲಿಗೆ ಉಳಿಯಿತು. ಜಗಜ್ಜೇತರ ಲೆಕ್ಕದಲ್ಲಿ ಈ ಒಂದು ನಡೆ ತಪ್ಪಿಹೋಗಿತ್ತು.

ಆನೆಗಳ ಅಂತ್ಯದಾಟದ ಹೊತ್ತಿಗೆ ಆಟವನ್ನು ಮರುದಿನಕ್ಕೆ ಮುಂದೂಡಲಾಯಿತು. ಅಂದಿನ ಪದ್ಧತಿ ಅದು; ಗಣಕಯಂತ್ರಗಳು ಬಂದ ಮೇಲೆ ಅಳಿದುಹೋಯಿತು. ರಾತ್ರಿಯೆಲ್ಲ ಸೋವಿಯತ್ ಪಾಳೆಯದಲ್ಲಿ ಹುಡುಕಾಟ. ಸುಮ್ಮನೆ ಕಾಯುತ್ತ ಕುಳಿತರೆ ಸೋಲು ನಿಶ್ಚಿತ. ಬದುಕುವ ದಾರಿಯನ್ನು ಕಂಡವರು ಎಫಿಮ್ ಗೆಲ್ಲರ್. ಫಿಷರನ ಆರೋಪಕ್ಕೆ ಗುರಿಯಾದವರಲ್ಲಿ ಒಬ್ಬರು! ಮರುದಿನ ಫಿಷರನ ಕೈ ತಪ್ಪಿತು. 68ನೆಯ ನಡೆಯಲ್ಲಿ ಆಟ ಸಮವಾಯಿತು. ಈ ಸಮಬಲವನ್ನು ಮಾತ್ರ ಒಪ್ಪಂದವೆಂದು ಯಾರೂ ಅನ್ನುವಂತಿರಲಿಲ್ಲ.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಮುಂದೂಡಿದ ಆ ಸ್ಥಿತಿಯಲ್ಲಿ ತನಗೆ ಗೆಲುವಿತ್ತೆಂದು ಫಿಷರ್ 1969ರ ತನ್ನ ಪುಸ್ತಕದಲ್ಲಿ ವಾದಿಸಿದ. ಬಾಟ್ವಿನ್ನಿಕ್ ಒಪ್ಪಲಿಲ್ಲ. ತಮ್ಮ ಚದುರಂಗ ಶಾಲೆಯ ಮಕ್ಕಳ ಮುಂದೆಯೇ ಆ ಸಮಸ್ಯೆಯನ್ನಿಟ್ಟರು. ಬಿಳಿಗೆ ಉಳಿವಿದೆಯೆಂದು ತೋರಿಸಿಕೊಟ್ಟವನು ಹದಿಮೂರರ ಹುಡುಗ, ಗ್ಯಾರಿ ಕಾಸ್ಪರೋವ್. ಅವನು ಮುಂದೆ, 1985ರಲ್ಲಿ, ತಾನೇ ಜಗಜ್ಜೇತನಾದ. ಗುರುವಿಗೆ ಆ ಉತ್ತರ ಎಷ್ಟು ಹಿತವಾಗಿ ಕೇಳಿಸಿರಬೇಕು!

ಬಾಟ್ವಿನ್ನಿಕ್ ಮತ್ತು ಫಿಷರ್ ಪರಸ್ಪರ ಆಡಿದ್ದು ಅದೊಂದೇ ಆಟ. 1970ರಲ್ಲಿ ಹಾಲೆಂಡಿನವರು ಇಬ್ಬರನ್ನೂ ಮತ್ತೆ ಎದುರುಬದುರು ಕೂರಿಸಲು ಯತ್ನಿಸಿದರು. ಎಷ್ಟು ಆಟಗಳ ಪಂದ್ಯವಾಗಬೇಕೆಂಬುದರಲ್ಲಿಯೇ ಒಮ್ಮತ ಮೂಡದೆ ಆ ಮಾತು ಮುರಿದುಬಿತ್ತು.