ಅಂಗನವಾಡಿ ಸಿಬ್ಬಂದಿಯ ಉಪದಾನದ ಹಕ್ಕು



ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆ ಹೊಂದಿದವರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ 2006ರಲ್ಲಿ ಹೇಳಿತ್ತು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಹಲವರು ಇಂದಿಗೂ ಭಾವಿಸಿದ್ದಾರೆ, ಅದು ಸರಿಯಲ್ಲ. ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ನ್ಯಾಯಾಲಯವು 2022ರ ಏಪ್ರಿಲ್ 25ರಂದು, 1972ರ ಅಧಿನಿಯಮದಂತೆ ಕಾರ್ಯಕರ್ತೆಗೂ ಸಹಾಯಕಿಗೂ ಉಪದಾನ, ಅಂದರೆ ಗ್ರಾಚ್ಯುಟಿ, ಸಲ್ಲಬೇಕೆಂದು ತೀರ್ಪಿತ್ತಿತು. ಅದರ ಕಾರಣ ಗಮನಾರ್ಹ: ಶಿಕ್ಷಣ ಹಕ್ಕು ಅಧಿನಿಯಮದ 11ನೆಯ ಕಲಮು ಹೇಳುವ ಶಾಲಾಪೂರ್ವ ಶಿಕ್ಷಣ ನಡೆಯುವುದು ಅಂಗನವಾಡಿಯಲ್ಲಿ, ಗೌರವಧನವೆಂಬ ಹೆಸರಿದ್ದರೂ ಅದು ವೇತನವೇ.

2025ರ ನವೆಂಬರ್ 21ರಿಂದ ಉಪದಾನದ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಲೆಕ್ಕದ ಕ್ರಮ ಹಿಂದಿನದೇ: ತಿಂಗಳಿಗೆ 26 ದಿನವೆಂದು ಎಣಿಸಿ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನ. ಕೊನೆಯ ಗೌರವಧನ 10,000 ರೂಪಾಯಿ, ಸೇವೆ 30 ವರ್ಷ ಎಂದಿಟ್ಟುಕೊಂಡರೆ ಸುಮಾರು 1,73,000 ರೂಪಾಯಿ. ಬಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಹಣ ಕೊಡುವುದು ಪಂಚಾಯಿತಿಯಲ್ಲ, ನಿಜ. ಆದರೆ ಸೇವೆಗೆ ಸೇರಿದ ದಿನಾಂಕ ತಪ್ಪಿದರೆ ವರ್ಷಗಳೇ ಕಳೆದುಹೋಗುತ್ತವೆ. ಹಳೆಯ ನೇಮಕಾತಿ ಆದೇಶಗಳು ಎಲ್ಲರ ಬಳಿಯೂ ಉಳಿದಿಲ್ಲ. ಆದುದರಿಂದ ತಮ್ಮ ಕ್ಷೇತ್ರದಲ್ಲಿ ನಿವೃತ್ತಿಯ ಅಂಚಿನಲ್ಲಿರುವವರ ದಾಖಲೆಗಳನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಈಗಲೇ ತಾಳೆ ನೋಡಿಸಬೇಕೆಂದು ಕೋರುತ್ತೇನೆ.