ಇಸಿಲದ ಉತ್ತರ: ಕಾವಲು, ಕಟ್ಟೆಮನೆ, ಗ್ರಾಮಸಭೆ



ಎಸ್. ನಿಜಲಿಂಗಪ್ಪನವರ ಹೆಸರಿನ ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯನ್ನು 1957ರಲ್ಲಿ ವಿಧಾನಸಭೆಗೆ ಕಳಿಸಿದ್ದು ಇದೇ ಮೊಳಕಾಲ್ಮೂರು. ಅವರ ಹೆಸರಿನ ವೇದಿಕೆಯಲ್ಲಿ ಹಾರಿಕೆಯ ಮಾತು ಸಲ್ಲದು.

‘ನೈತಿಕ ನಾಯಕತ್ವ ಮತ್ತು ಪ್ರಜಾಸತ್ತೆಯ ಸಂಸ್ಥೆಗಳ ಸುಧಾರಣೆ’ ಎಂಬ ವಿಷಯ ಕೊಟ್ಟಿದ್ದೀರಿ. ಇದರ ಚರಿತ್ರೆಯನ್ನು ಬೇಗ ದಾಟಿಬಿಡುತ್ತೇನೆ. 1959ರ ಪಂಚಾಯಿತಿ ಕಾಯಿದೆಯ ಕಾಲದಲ್ಲಿ ಜಿಲ್ಲಾ ಮಟ್ಟದ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಛಲದಿಂದ ಬಂದ 1983ರ ಕಾಯಿದೆ ಆ ಕುರ್ಚಿಯಲ್ಲಿ ಚುನಾಯಿತರನ್ನು ಕೂರಿಸಿತು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ಕಾಯಿದೆ, ರಮೇಶ್ ಕುಮಾರ್ ಸಮಿತಿಯ ವರದಿಯ ಬೆನ್ನಿಗೆ 2015ರ ತಿದ್ದುಪಡಿ. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ನೆಲದ ಬಗ್ಗೆ ಊರನ್ನು ಕೇಳಬೇಕೆಂದು ನಾನು ಬಹುಕಾಲದಿಂದ ವಾದಿಸುತ್ತ ಬಂದಿರುವ ಒಂದು ಜಗಳಕ್ಕೆ ಇಂದಿನ ಹೊತ್ತನ್ನೆಲ್ಲ ಕೊಡುತ್ತೇನೆ.

ಮೊದಲು ಬ್ರಹ್ಮಗಿರಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಮೊಳಕಾಲ್ಮೂರು ಎಂಬ ಒಂದೇ ತಾಲ್ಲೂಕಿನಲ್ಲಿ ಅಶೋಕನ ಮೂರು ಶಾಸನಗಳು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ನೈತಿಕ ನಾಯಕತ್ವದ ಮಾತೆತ್ತಿದವರೆಲ್ಲ ಈ ಬಂಡೆಗೆ ಕೈಮುಗಿಯುತ್ತಾರೆ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಸಣ್ಣವರೂ ಪರಿಶ್ರಮದಿಂದ ಶ್ರೇಯಸ್ಸು ಪಡೆಯಬಹುದು ಎಂಬ ಅದರ ಬೋಧನೆಗೆ ನಾನೂ ತಲೆಬಾಗುತ್ತೇನೆ. ಆದರೆ ಅದು ಪ್ರಜಾಸತ್ತೆಯ ಬೇರು ಎಂಬ ವ್ಯಾಖ್ಯಾನವನ್ನು ಒಪ್ಪಲಾರೆ. ಶಾಸನದ ದಾರಿ ಗಮನಿಸಿ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಬ್ರಹ್ಮಗಿರಿಯ ಬಳಿಯ ಅಂದಿನ ಪಟ್ಟಣವಾದ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೇಳಿ, ರಾಜನ ಮಾತನ್ನು ದಾಟಿಸುತ್ತಾರೆ. ಚಪಡನೆಂಬ ಲಿಪಿಕಾರ ಬರೆಯುತ್ತಾನೆ. ಒಳ್ಳೆಯ ಮಾತು ಮೇಲಿನಿಂದ ಕೆಳಗಿಳಿಯಿತು. ಇಸಿಲದ ಜನ ಏನು ಹೇಳಿದರು? ಯಾವ ಬಂಡೆಯ ಮೇಲೂ ಅದು ಇಲ್ಲ. ರಾಜ ಎಷ್ಟೇ ಸಜ್ಜನನಾಗಿದ್ದರೂ, ಕೆಳಗಿನವರ ಉತ್ತರಕ್ಕೆ ಜಾಗವಿಲ್ಲದ ವ್ಯವಸ್ಥೆ ಅವನ ಸಜ್ಜನಿಕೆಯ ಮೇಲೆಯೇ ನಿಂತಿರುತ್ತದೆ.

ಅಲ್ಲಿಂದ ನೇರ, ಕೆಳಗಿನವರ ಉತ್ತರ ಕೇಳದ ಅದೇ ರೀತಿ ಕಾಣುವ ನಮ್ಮ ಕಾವಲುಗಳಿಗೆ ಬರುತ್ತೇನೆ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ದನಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನ ತಲೆಮಾರುಗಳಿಂದ ಮೇಯುತ್ತ ಬಂದವು. ಕಂಬಳಿ ನೇಯುವವರ ಉಣ್ಣೆ ಈ ಹುಲ್ಲಿನಿಂದ. ಮ್ಯಾಸಬೇಡ ಬುಡಕಟ್ಟಿನವರ ದೇವರ ಎತ್ತುಗಳು, ಅವುಗಳ ಹಿಂದೆ ಅಲೆಯುವ ಕಿಲಾರಿಗಳು ಬದುಕಿದ್ದೂ ಇದರಿಂದಲೇ. ಕೃಷ್ಣಮೃಗಕ್ಕೂ ಇದೇ ನೆಲೆ. 2000ದ ದಶಕದ ಕೊನೆಯಿಂದ ಚಳ್ಳಕೆರೆ ತಾಲ್ಲೂಕಿನ ಸುಮಾರು 10,000 ಎಕರೆ ಕಾವಲು ಕೈ ಬದಲಿಸಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಯಿತು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಮತ್ತು ಇಸ್ರೋಗೆ ಬೇರೆ ಬೇರೆ ಪಾಲು ಸಿಕ್ಕಿತು. ಗೋಡೆ, ಬೇಲಿ ಏಳುವ ಹೊತ್ತಿಗಷ್ಟೇ ತಮಗೆ ವಿಷಯ ತಿಳಿಯಿತೆಂಬುದು ದೊಡ್ಡಉಳ್ಳಾರ್ತಿ ಸುತ್ತಿನ ಹಳ್ಳಿಗರ ದೂರು. ಅವರು ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಷರತ್ತುಗಳನ್ನು ಹಾಕಿ ಯೋಜನೆಗಳಿಗೆ ದಾರಿ ಬಿಟ್ಟಿತು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯಾಯಿತು.

ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ದೇಶದ ರಕ್ಷಣೆ ಎಲ್ಲರ ಹೊಣೆ. ನನ್ನ ತಕರಾರು ಕೇಳದೆ ಕೊಟ್ಟದ್ದಕ್ಕೆ. ಇದಕ್ಕೆ ಎರಡು ಕಡೆಯಿಂದ ಉತ್ತರ ಬಂದಿದೆ. ಎರಡನ್ನೂ ತೂಗಿ ನೋಡಬೇಕು.

ಮೊದಲನೆಯದು ಆಡಳಿತ ಬಲ್ಲವರ ವಾದ: ಕಾವಲು ಸರ್ಕಾರದ ಭೂಮಿ, ಗ್ರಾಮಸಭೆಯನ್ನು ಕೇಳಬೇಕೆಂಬ ಕಟ್ಟುಪಾಡಿಲ್ಲ. ಕಾಯಿದೆಯ ಅಕ್ಷರ ಅವರ ಪರ ಇರಬಹುದು. ಭೂಸ್ವಾಧೀನಕ್ಕೆ ಮೊದಲು ಗ್ರಾಮಸಭೆಯೊಡನೆ ಸಮಾಲೋಚಿಸಬೇಕೆನ್ನುವ 1996ರ ಪೆಸಾ ಕಾಯಿದೆ ಐದನೇ ಅನುಸೂಚಿಯ ಪ್ರದೇಶಗಳಿಗಷ್ಟೇ ಅನ್ವಯ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಮತ ಕೇಳುವಾಗ ಬುಡಕಟ್ಟಿನವರೆಂದು ಒಪ್ಪುವ ರಾಜ್ಯ, ನೆಲ ತೆಗೆದುಕೊಳ್ಳುವಾಗ ಆ ಮಾತು ಎತ್ತುವುದಿಲ್ಲ. ಈ ಅನ್ಯಾಯವನ್ನು ಕಾನೂನಿನ ತಾಂತ್ರಿಕತೆ ಎಂದು ಬದಿಗೆ ಸರಿಸುವವರು, ಅದೇ ವರ್ಷಗಳಲ್ಲಿ ಸುಪ್ರೀಂ ಕೋರ್ಟ್ ಎತ್ತ ನಡೆಯುತ್ತಿತ್ತೆಂದು ನೋಡಲಿ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಅದು ಒತ್ತುವರಿಯಾದ ಊರ ಸಾಮುದಾಯಿಕ ನೆಲವನ್ನು ಊರಿಗೇ ಮರಳಿಸಿ ಎಂದಿತು. 2013ರಲ್ಲಿ ಒಡಿಶಾದ ನಿಯಮಗಿರಿ ಗಣಿಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿತು. 12 ಗ್ರಾಮಸಭೆಗಳು ಸೇರಿದವು, 12ರೂ ಬೇಡವೆಂದವು. ಅಲ್ಲಿ ಕಾನೂನಿನ ಆಧಾರ ಬೇರೆ, ಅರಣ್ಯ ಹಕ್ಕು ಕಾಯಿದೆ. ಆದರೆ ಊರವರು ಕೂತು ಯೋಚಿಸಿ ಉತ್ತರ ಹೇಳಬಲ್ಲರು ಎಂಬುದು ರುಜುವಾತಾಯಿತು. ನಮ್ಮ ಕಾವಲಿನ ಸುತ್ತಿನ ಕುರಿಗಾಹಿಗೆ ಆ ಶಕ್ತಿಯಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಎರಡನೆಯದು ನನ್ನ ಸ್ನೇಹಿತರೇ ಆದ ಕೆಲವು ಜಾನಪದ ವಿದ್ವಾಂಸರ ವಾದ: ಮ್ಯಾಸಬೇಡರ, ಕಾಡುಗೊಲ್ಲರ ಕಟ್ಟೆಮನೆಗಳೇ, ಅಂದರೆ ಬುಡಕಟ್ಟಿನ ಪಾರಂಪರಿಕ ನ್ಯಾಯಕಟ್ಟೆಗಳೇ, ನಿಜವಾದ ಪ್ರಜಾಸತ್ತೆ, ಪಂಚಾಯಿತಿ ಬಂದು ಕೆಡಿಸಿತು. ಇದು ನನಗೆ ಮೊದಲನೆಯದಕ್ಕಿಂತ ಹೆಚ್ಚು ನೋವು ಕೊಡುವ ವಾದ. ಕಟ್ಟೆಮನೆಯ ಗೌಡರಿಗೆ, ಯಜಮಾನರಿಗೆ ಹುಲ್ಲಿನ ಲೆಕ್ಕ ಗೊತ್ತು, ದೇವರ ಎತ್ತುಗಳ ಪಾಲನೆ ಗೊತ್ತು. ಆ ತಿಳಿವಳಿಕೆಗೆ ನಾನು ಋಣಿ. ಆದರೆ ಅಲ್ಲಿ ತೀರ್ಮಾನ ಹೇಳುವವರಲ್ಲಿ ಹೆಣ್ಣುಮಕ್ಕಳಿಲ್ಲ. ಮುಟ್ಟಾದವಳನ್ನು, ಬಾಣಂತಿಯನ್ನು ಹಟ್ಟಿಯಾಚೆ ಇರಿಸುವ ಪದ್ಧತಿಯನ್ನು ಅನುಭವಿಸುವವರಿಗೇ ಅದರ ಮೇಲೆ ಮಾತಿಲ್ಲದ ಕಟ್ಟೆಯನ್ನು ಪ್ರಜಾಸತ್ತೆಯ ಮಾದರಿ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಸರ್ಕಾರ ಹಟ್ಟಿಗಳ ಬಳಿ ಮಹಿಳಾ ಭವನ ಕಟ್ಟಿಸಿ ಮಳೆಬಿಸಿಲಿಗೆ ಸೂರು ಕೊಟ್ಟಿತು. ಹೊರಗಿಡುವುದು ಹಾಗೇ ಉಳಿಯಿತು. ಪಂಚಾಯಿತಿಯಲ್ಲಿ ಇಂದು ಶೇಕಡಾ 50 ಸ್ಥಾನ ಹೆಣ್ಣುಮಕ್ಕಳಿಗಿದೆ. ಹಟ್ಟಿಯ ಸೊಸೆಯೊಬ್ಬಳು ಸದಸ್ಯೆಯಾಗಿ, ತನ್ನ ಮಾವನೂ ಕೂತಿರುವ ಸಭೆಯಲ್ಲಿ ನೀರಿನ ಮಾತೆತ್ತುತ್ತಾಳೆ. ಈ ಸೀಮೆಯಲ್ಲಿ ಬದಲಾಗುತ್ತಿರುವ ಸಂಸ್ಕೃತಿ ಅಲ್ಲಿ ಕಾಣುತ್ತದೆ. ಕಟ್ಟೆಮನೆಯ ಹಿರಿಯರು ಗ್ರಾಮಸಭೆಗೆ ಬಂದು ಮಾತಾಡಲಿ, ಅವಳ ಮಾತನ್ನೂ ಕೇಳಿಸಿಕೊಳ್ಳಲಿ.

ನಾಯಕತ್ವದ ಮಾತು ಬಂದಾಗ ದತ್ತಿಯ ಪುಣ್ಯಪುರುಷರನ್ನು ನೆನೆಯಲೇಬೇಕು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಪಕ್ಷಕ್ಕೆ ಬಹುಮತವಿತ್ತು, ಸದಸ್ಯತ್ವವಿಲ್ಲದೆ ಆರು ತಿಂಗಳು ಮುಖ್ಯಮಂತ್ರಿಯಾಗಿರಲು ಸಂವಿಧಾನದಲ್ಲಿ ಅವಕಾಶವೂ ಇತ್ತು. ಆದರೂ ಮಾರ್ಚ್‌ನಲ್ಲಿ ಎಸ್.ಆರ್. ಕಂಠಿಯವರು ಅಧಿಕಾರ ವಹಿಸಿಕೊಂಡರು. ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ, ಜೂನ್‌ನಲ್ಲಿ, ನಿಜಲಿಂಗಪ್ಪನವರು ಆ ಸ್ಥಾನಕ್ಕೆ ಮರಳಿದರು. ಕಂಠಿಯವರು ಕುರ್ಚಿ ಬಿಟ್ಟುಕೊಟ್ಟದ್ದನ್ನು ದೊಡ್ಡತನವೆಂದು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಮತದಾರ ‘ಬೇಡ’ ಎಂದದ್ದಕ್ಕೆ ಅಲ್ಲಿ ಬೆಲೆ ಸಿಕ್ಕಿತು ಎಂಬುದು. ವೈಯಕ್ತಿಕ ಪ್ರಾಮಾಣಿಕತೆಯನ್ನಷ್ಟೇ ನೈತಿಕತೆ ಎನ್ನುವವರೊಂದಿಗೆ ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಕಾವಲು ಹಂಚಿದ ಅಧಿಕಾರಿಗಳೆಲ್ಲ ಲಂಚ ಮುಟ್ಟದವರೆಂದೇ ಇಟ್ಟುಕೊಳ್ಳಿ, ಹಳ್ಳಿಯವರನ್ನು ಕೇಳದ ತಪ್ಪು ಅದರಿಂದ ಕರಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕಾನೂನಿನಲ್ಲಿ ಬರೆಯಬಹುದಾದಷ್ಟು ಖಚಿತವಾದದ್ದು. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯಿದೆಗೆ ಒಂದು ತಿದ್ದುಪಡಿ ಬರಲಿ. ಕಾವಲು, ಗೋಮಾಳ, ಕೆರೆಯಂಗಳ ಯಾವುದೇ ಇಲಾಖೆಯ ಹೆಸರಿನಲ್ಲಿರಲಿ, ಅದನ್ನು ಬೇರೆ ಬಳಕೆಗೆ ಕೊಡುವ ಮೊದಲು ಅಲ್ಲಿ ದನಕರು ಮೇಯಿಸುವ ಪ್ರತಿಯೊಂದು ಊರಿನ ಗ್ರಾಮಸಭೆಯೂ ಸೇರಬೇಕು. ಮಹಿಳೆಯರ ಸಭೆ ಅದಕ್ಕೂ ಮೊದಲು, ಬೇರೆಯಾಗಿ ನಡೆಯಬೇಕು. ನಡಾವಳಿಯನ್ನು ಸಭೆಯಲ್ಲೇ ಓದಿ ಹೇಳಿ ಸಹಿ ಪಡೆಯಬೇಕು. ಊರು ಬೇಡವೆಂದರೆ, ಅದನ್ನು ಮೀರಲು ಕಾರಣವೇನೆಂದು ಜಿಲ್ಲಾಧಿಕಾರಿ ಲಿಖಿತವಾಗಿ, ಅದೇ ಊರಿಗೆ ಬಂದು ಹೇಳಬೇಕು. ನಿರ್ಣಯದ ಸಂಖ್ಯೆಯಿಲ್ಲದ ಮಂಜೂರಾತಿ ಆದೇಶ ಊರ್ಜಿತವಾಗಕೂಡದು. ಬೇಲಿಯೊಳಗೆ ಹೋಗದ ಕಾವಲು ಈ ಎರಡು ತಾಲ್ಲೂಕುಗಳಲ್ಲಿ ಇನ್ನೂ ಉಳಿದಿದೆ. ಅದರ ಮುಂದಿನ ಕಡತ ಯಾವುದಾದರೊಂದು ಮೇಜಿಗೆ ಬರುವ ಮೊದಲು ಈ ತಿದ್ದುಪಡಿ ವಿಧಾನಸಭೆಯ ಮುಂದೆ ಇರಬೇಕೆಂದು ಇಲ್ಲಿ ಕುಳಿತಿರುವ ಜನಪ್ರತಿನಿಧಿಗಳನ್ನು ಕೈಮುಗಿದು ಕೇಳುತ್ತೇನೆ.